ಸೂಜಿಗೆ ಮೊದಲು ಒಂದು ಪ್ರಶ್ನೆ



ಸಂಧಿವಾತಕ್ಕೆ ಕೊಡುವ ಹೊಸ ಚುಚ್ಚುಮದ್ದುಗಳ ವಿಚಾರದಲ್ಲಿ ನಮ್ಮವರಲ್ಲಿ ಎರಡು ಪಂಗಡಗಳಿವೆ. ಒಂದು ಪಂಗಡಕ್ಕೆ ಅವು ಸಂಜೀವಿನಿ, ಇನ್ನೊಂದಕ್ಕೆ ವಿಷ. ಎರಡೂ ಮಾತು ಅತಿಯಾಯಿತು. ಆದರೆ ನನ್ನ ನಿಜವಾದ ಜಗಳವಿರುವುದು ಮೂರನೆಯವರೊಡನೆ. ಔಷಧದ ಗುಣವನ್ನೂ ಅಪಾಯವನ್ನೂ ಚೆನ್ನಾಗಿ ಬಲ್ಲವರಾಗಿದ್ದು, ಸೂಜಿ ಚುಚ್ಚುವ ಮುನ್ನ ಕೇಳಲೇಬೇಕಾದ ಪ್ರಶ್ನೆಯನ್ನು ಕೇಳದೆ ಬಿಡುವವರೊಡನೆ.

ಮೊದಲು ವಿಷಯವನ್ನು ತಿಳಿಯೋಣ. ರುಮಟಾಯ್ಡ್ ಸಂಧಿವಾತ, ಬೆನ್ನುಮೂಳೆಯನ್ನು ಬಿಗಿದುಬಿಡುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಮೊದಲಾದ ಬೇನೆಗಳಲ್ಲಿ ದೇಹದ ರಕ್ಷಣಾವ್ಯವಸ್ಥೆಯು ತನ್ನ ಕೀಲುಗಳ ಮೇಲೆಯೇ ತಿರುಗಿಬೀಳುತ್ತದೆ. ಈ ಉರಿಯೂತವನ್ನು ಹೊತ್ತಿಸುವ ಒಂದು ಮುಖ್ಯ ದ್ರವ್ಯ ಟಿ.ಎನ್.ಎಫ್. ಇನ್‌ಫ್ಲಿಕ್ಸಿಮಾಬ್, ಅಡಾಲಿಮುಮಾಬ್, ಎಟನರ್ಸೆಪ್ಟ್ ಎಂಬ ಜೈವಿಕ ಔಷಧಗಳು ಅದನ್ನು ಹಿಡಿದು ಕಟ್ಟಿಹಾಕುತ್ತವೆ. ಇವುಗಳಿಂದ ಹಾಸಿಗೆ ಹಿಡಿದವರು ಎದ್ದು ನಡೆದಾಡಿದ್ದುಂಟು. ಅದನ್ನು ಅಲ್ಲಗಳೆಯುವುದು ಅನ್ಯಾಯವಾದೀತು.

ಆದರೆ ಅದೇ ಟಿ.ಎನ್.ಎಫ್. ನಮ್ಮೊಳಗೆ ಇನ್ನೊಂದು ಕೆಲಸವನ್ನೂ ಮಾಡುತ್ತಿರುತ್ತದೆ. ಕ್ಷಯದ ಕ್ರಿಮಿ ಒಳಹೊಕ್ಕವರೆಲ್ಲರಿಗೂ ಕಾಯಿಲೆ ಬರುವುದಿಲ್ಲ. ಹೆಚ್ಚಿನವರಲ್ಲಿ ರಕ್ಷಕ ಕೋಶಗಳು ಕ್ರಿಮಿಯ ಸುತ್ತ ಗೋಡೆ ಕಟ್ಟಿ ಅದನ್ನು ಸೆರೆಯಿಡುತ್ತವೆ. ಕ್ರಿಮಿ ಸಾಯದೆ ಹತ್ತಾರು ವರ್ಷ ಅಲ್ಲಿಯೇ ಮಲಗಿರಬಹುದು. ಆ ಗೋಡೆ ಬೀಳದಂತೆ ಕಾಯುವುದರಲ್ಲಿ ಟಿ.ಎನ್.ಎಫ್.ಗೆ ದೊಡ್ಡ ಪಾಲಿದೆ. ಕಾವಲುಗಾರನನ್ನು ಕಟ್ಟಿಹಾಕಿದರೆ ಸೆರೆಯಾಳು ಹೊರಗೆ ಬರುವುದರಲ್ಲಿ ಆಶ್ಚರ್ಯವೇನು?

ಇದು ಊಹೆಯಲ್ಲ. 2001ರಲ್ಲಿ ಅಮೆರಿಕದ ಒಂದು ಪ್ರಮುಖ ವೈದ್ಯಕೀಯ ಪತ್ರಿಕೆಯಲ್ಲಿ ಇನ್‌ಫ್ಲಿಕ್ಸಿಮಾಬ್ ಪಡೆದ ಮೇಲೆ ಕ್ಷಯ ಕಾಣಿಸಿಕೊಂಡ 70 ಮಂದಿಯ ವಿವರ ಪ್ರಕಟವಾಯಿತು. ಅವರಲ್ಲಿ 48 ಮಂದಿ ಪಡೆದಿದ್ದುದು ಮೂರು ಡೋಸ್ ಅಥವಾ ಅದಕ್ಕಿಂತ ಕಡಿಮೆ. 40 ಮಂದಿಯಲ್ಲಿ ರೋಗವು ಶ್ವಾಸಕೋಶದಾಚೆಗೂ ಹಬ್ಬಿತ್ತು. ಗಮನಿಸಬೇಕಾದ ಸಂಗತಿಯೆಂದರೆ, ಆ 70ರಲ್ಲಿ 64 ವರದಿಗಳು ಬಂದದ್ದು ಕ್ಷಯ ವಿರಳವಾದ ದೇಶಗಳಿಂದ. ಅಲ್ಲಿಯೇ ಹೀಗಾದರೆ ನಮ್ಮಲ್ಲಿ?

ಭಾರತದಲ್ಲಿ 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಹದಿನೈದು ವರ್ಷ ಮೀರಿದವರಲ್ಲಿ ಸುಮಾರು ಶೇಕಡ 31 ಮಂದಿಯ ದೇಹದಲ್ಲಿ ಕ್ಷಯದ ಸೋಂಕು ಇದೆ. ಎಂದರೆ, ನಮ್ಮ ಹೊಣಕೆರೆಯ ಬಸ್ ನಿಲ್ದಾಣದಲ್ಲಿ ಹತ್ತು ಮಂದಿ ನಿಂತಿದ್ದರೆ ಅವರಲ್ಲಿ ಮೂವರು ಈ ಸೆರೆಯಾಳನ್ನು ಹೊತ್ತಿರಬಹುದು. ಕ್ಷಯ ನಮ್ಮ ಸೀಮೆಗೆ ಹೊಸ ನೆಂಟನೂ ಅಲ್ಲ. ಮೈಸೂರಿನಲ್ಲಿ ಕ್ಷಯರೋಗದ ಆಸ್ಪತ್ರೆ ಇರುವುದೇ ಆ ರೋಗಕ್ಕೆ ತುತ್ತಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ. ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಸ್ಥಾಪನೆಯಾದದ್ದು ನಮ್ಮ ಬೆಂಗಳೂರಿನಲ್ಲಿಯೇ. ಇಂಥ ನಾಡಿನಲ್ಲಿ ವೈದ್ಯರು 'ಸೋಂಕಿನ ಅಪಾಯ ಅಪರೂಪ' ಎಂದು ಒಂದೇ ಮಾತಿನಲ್ಲಿ ಮುಗಿಸುವುದು ಬೇರೆಯವರ ಹೊಲದ ಮಣ್ಣು ಪರೀಕ್ಷಿಸಿ ನಮ್ಮ ಹೊಲಕ್ಕೆ ಗೊಬ್ಬರ ಹೇಳಿದಂತೆ.

ನಮ್ಮ ಬಳಗದ ಹೆಣ್ಣುಮಗಳೊಬ್ಬಳಿಗೆ ನಗರದ ಆಸ್ಪತ್ರೆಯೊಂದರಲ್ಲಿ ಅಡಾಲಿಮುಮಾಬ್ ಆರಂಭಿಸಿದರು. ಇಂಗ್ಲಿಷಿನಲ್ಲಿದ್ದ ಹಲವು ಪುಟಗಳ ಒಪ್ಪಿಗೆಪತ್ರಕ್ಕೆ ಆಕೆ ಕನ್ನಡದಲ್ಲಿ ರುಜು ಹಾಕಿದಳು. ಕೈಬೆರಳ ಬಾವು ಇಳಿಯಿತು. ಮನೆಯವರೆಲ್ಲ ಸಂತೋಷಪಟ್ಟರು. ಮೂರನೆಯ ತಿಂಗಳಿಂದ ಸಂಜೆಯ ಜ್ವರ, ರಾತ್ರಿಯ ಬೆವರು, ತೂಕ ಇಳಿತ. ಕೊನೆಗೆ ಹೊಟ್ಟೆಯ ಗ್ರಂಥಿಗಳಲ್ಲಿ ಕ್ಷಯ ಪತ್ತೆಯಾಯಿತು. ಹಿಂದೆ ಅದೇ ಮನೆಯಲ್ಲಿ ಆಕೆಯ ಮಾವ ಟಿ.ಬಿ. ಮಾತ್ರೆ ನುಂಗಿ ಗುಣವಾಗಿದ್ದರು. ಅದನ್ನು ಹೇಳಲು ಆಕೆಗೆ ಸಂಕೋಚವಿರಲಿಲ್ಲ. ಆದರೆ ಯಾರೂ ಕೇಳಿರಲಿಲ್ಲ! ಪುಣ್ಯಕ್ಕೆ ಈಗ ಚೇತರಿಸಿಕೊಂಡಿದ್ದಾಳೆ.

'ಪರೀಕ್ಷೆಗೆ ಸಮಯವಿಲ್ಲ, ರೋಗಿ ನೋವಿನಲ್ಲಿದ್ದಾನೆ' ಎಂಬ ಸಮಜಾಯಿಷಿಯನ್ನು ಕೇಳಿದ್ದೇನೆ. ಹಿಂದಿನ ಕಾಯಿಲೆಯ ವಿಚಾರಣೆ, ಎದೆಯ ಎಕ್ಸ್‌ರೇ, ಚರ್ಮಕ್ಕೆ ಚುಚ್ಚಿ ನೋಡುವ ಮಾಂಟೂ ಅಥವಾ ಇಗ್ರಾ ರಕ್ತಪರೀಕ್ಷೆಗೆ ಹೆಚ್ಚು ದಿನ ಹಿಡಿಯುವುದಿಲ್ಲ. ಒಳಗೆ ಸೋಂಕಿದ್ದರೆ ಮುಂಜಾಗ್ರತೆಯ ಮಾತ್ರೆ ಆರಂಭಿಸಿ, ಸಾಮಾನ್ಯವಾಗಿ ಒಂದು ತಿಂಗಳು ಕಳೆದ ಮೇಲೆ ಚುಚ್ಚುಮದ್ದು ಕೊಡಬಹುದು. 'ಖರ್ಚು' ಎನ್ನುತ್ತಾರೆ. ಕೇಂದ್ರ ಸರ್ಕಾರದ 2021ರ ಮಾರ್ಗಸೂಚಿಯು ಟಿ.ಎನ್.ಎಫ್. ತಡೆಯುವ ಔಷಧ ಪಡೆಯುವವರನ್ನು ಕ್ಷಯತಡೆ ಚಿಕಿತ್ಸೆಗೆ ಅರ್ಹರ ಪಟ್ಟಿಯಲ್ಲಿ ಹೆಸರಿಸಿಯೇ ಸೇರಿಸಿದೆ. ಸರ್ಕಾರಿ ಕಾರ್ಯಕ್ರಮದಲ್ಲಿ ಆ ಮಾತ್ರೆ ಉಚಿತ. 'ರೋಗಿ ಹೆದರುತ್ತಾನೆ' ಎಂಬುದು ಕೊನೆಯ ಸಮಜಾಯಿಷಿ. ಹೆದರಿಸದೆ ತಿಳಿಸುವುದನ್ನೇ ಅಲ್ಲವೇ ವಿದ್ಯೆ ಎನ್ನುವುದು?

ಎಚ್ಚರಿಕೆಯಿಂದ ಫಲವಿದೆಯೆಂಬುದಕ್ಕೆ ಸ್ಪೇನ್ ದೇಶ ಸಾಕ್ಷಿ. 2002ರಲ್ಲಿ ಅಲ್ಲಿ ಪೂರ್ವಪರೀಕ್ಷೆಯ ನಿಯಮಗಳು ಬಂದ ಮೇಲೆ ಇಂಥ ರೋಗಿಗಳಲ್ಲಿ ಕ್ಷಯ ಬಹಳ ಮಟ್ಟಿಗೆ ಇಳಿಯಿತು. ನಿಯಮಗಳನ್ನು ಪೂರ್ತಿ ಪಾಲಿಸದ ಕಡೆ ಅಪಾಯ ಏಳು ಪಟ್ಟು ಎಂದು ಮುಂದಿನ ಅಧ್ಯಯನ ತೋರಿಸಿತು. ಬೇಕಾದುದು ಹೊಸ ಯಂತ್ರವಲ್ಲ, ಶ್ರದ್ಧೆ.

2014ರ ಡಿಸೆಂಬರಿನಲ್ಲಿ ಭಾರತದ ಕಂಪನಿಯೊಂದು ಅಡಾಲಿಮುಮಾಬ್‌ನ ಅಗ್ಗದ ಪ್ರತಿರೂಪವನ್ನು ಮಾರುಕಟ್ಟೆಗೆ ತಂದಿತು. ಬೆಲೆ ಇಳಿದದ್ದು ಬಡವರಿಗೆ ಒಳ್ಳೆಯದೇ. ಆದರೆ ಔಷಧ ಬಂದ ವೇಗದಲ್ಲಿ ಎಚ್ಚರಿಕೆಯ ಮಾತು ಬರಲಿಲ್ಲವೆಂಬುದೇ ನನ್ನ ಆಕ್ಷೇಪ.

ಇನ್ನು ಈ ಚುಚ್ಚುಮದ್ದನ್ನು ವಿಷವೆಂದು ದೂರವಿಟ್ಟು, ಸಂತೆಯಲ್ಲಿ ಕಟ್ಟಿಕೊಡುವ ಹೆಸರಿಲ್ಲದ ಪುಡಿಯ ಹಿಂದೆ ಹೋಗುವ ಬಂಧುಗಳಿಗೆ ಒಂದು ಮಾತು. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದು ಪರೀಕ್ಷೆಗಳಲ್ಲಿ ಹಲವು ಬಾರಿ ಪತ್ತೆಯಾಗಿದೆ. ಅದೂ ರಕ್ಷಣಾಶಕ್ತಿಯನ್ನು ಕುಗ್ಗಿಸುವಂಥದೇ; ಎಷ್ಟು ಬೆರೆತಿದೆ ಎಂಬ ಲೆಕ್ಕ ಮಾತ್ರ ಯಾರ ಬಳಿಯೂ ಇರುವುದಿಲ್ಲ.

ಆದ್ದರಿಂದ ನೀವೇ ಕೇಳಿರಿ. ಮನೆಯಲ್ಲಿ ಯಾರಿಗಾದರೂ ಟಿ.ಬಿ. ಆಗಿದ್ದರೆ ವೈದ್ಯರು ಕೇಳುವ ಮೊದಲೇ ಹೇಳಿರಿ. ಕ್ಷಯದ ಜೊತೆಗೆ ಹೆಪಟೈಟಿಸ್ ಬಿ ಪರೀಕ್ಷೆಯೂ ಆಯಿತೇ ಎಂದು ವಿಚಾರಿಸಿರಿ. ರಿಟುಕ್ಸಿಮಾಬ್ ಎಂಬ ಇನ್ನೊಂದು ಜೈವಿಕ ಔಷಧವು ಮಲಗಿರುವ ಆ ವೈರಸ್ಸನ್ನು ಎಬ್ಬಿಸಬಲ್ಲದು. ಸ್ಟೀರಾಯ್ಡ್ ನುಂಗುತ್ತಿರುವವರಲ್ಲಿ ಮಾಂಟೂ ಪರೀಕ್ಷೆ ಸುಳ್ಳು ಹೇಳುವುದೂ ಉಂಟು. ಪರೀಕ್ಷೆಯ ಬಳಿಕ ಹೊಸದಾಗಿ ಸೋಂಕು ತಗಲುವುದೂ ಉಂಟು. ಹಾಗಾಗಿ ಚುಚ್ಚುಮದ್ದು ನಡೆಯುತ್ತಿರುವಾಗ ಬಿಡದ ಜ್ವರ, ಕೆಮ್ಮು, ತೂಕ ಇಳಿತ ಕಂಡರೆ ತಡಮಾಡದೆ ವೈದ್ಯರ ಬಳಿಗೆ ಹೋಗಿ, ಯಾವ ಔಷಧ ಪಡೆಯುತ್ತಿದ್ದೀರೆಂದು ಮೊದಲು ತಿಳಿಸಿರಿ. ನಿಮ್ಮಷ್ಟಕ್ಕೆ ನೀವೇ ಔಷಧ ನಿಲ್ಲಿಸಬೇಡಿರಿ.

ನನ್ನ ಶಿಷ್ಯರಲ್ಲಿ ವೈದ್ಯರಾದವರಿದ್ದೀರಿ, ದಾದಿಯರಿದ್ದೀರಿ, ಔಷಧದಂಗಡಿ ಇಟ್ಟವರಿದ್ದೀರಿ. 'ನಿಮಗಾಗಲಿ ನಿಮ್ಮ ಮನೆಯವರಿಗಾಗಲಿ ಎಂದಾದರೂ ಟಿ.ಬಿ. ಆಗಿತ್ತೇ?' ಈ ಒಂದು ವಾಕ್ಯವನ್ನು ಕನ್ನಡದಲ್ಲಿ, ರೋಗಿಯ ಮುಖ ನೋಡಿ ಕೇಳುವುದಕ್ಕೆ ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷವನ್ನು ನಮ್ಮ ಜನಕ್ಕೆ ಕೊಡಿರಿ.