97 ಅಂಕದ ಆಟ, ಪೆಟ್ಟಿಗೆಯ ಮೇಲಿನ 18

2019ರ ಬೇಸಿಗೆಯಲ್ಲಿ ಬ್ರಿಟನ್ನಿನಿಂದ ಊರಿಗೆ ಹೊರಟಾಗ ನಮ್ಮ ಸೂಟ್‌ಕೇಸಿನಲ್ಲಿ ಎಂದಿನಂತೆ ಚಾಕೊಲೇಟ್ ಇತ್ತು, ಅಮ್ಮನಿಗೆ ವಿಟಮಿನ್ ಮಾತ್ರೆ ಇತ್ತು, ಅತ್ತಿಗೆಗೊಂದು ಕೈಚೀಲ ಇತ್ತು. ಜತೆಗೆ ದಾವಣಗೆರೆಯ ಅಣ್ಣನ ಮಗನಿಗೆಂದು ಒಂದು ಪ್ಲೇಸ್ಟೇಷನ್ ಆಟ. ಹುಡುಗನಿಗೆ ಆಗ 13 ವರ್ಷ. ‘ಒಳ್ಳೇದು ಯಾವುದಾದ್ರೂ ತನ್ನಿ’ ಎಂದಷ್ಟೇ ಹೇಳಿದ್ದ. ಅಂಗಡಿಯಲ್ಲಿ ನಿಂತು ಮೊಬೈಲ್ ತೆಗೆದು ನೋಡಿದೆವು. ‘ರೆಡ್ ಡೆಡ್ ರಿಡೆಂಪ್ಷನ್ 2’ಕ್ಕೆ ವಿಮರ್ಶಕರ ಸರಾಸರಿ ಅಂಕ ನೂರಕ್ಕೆ 97. ಮುಖಪುಟದಲ್ಲಿ ಟೋಪಿ ಹಾಕಿದ ಒಬ್ಬ ಮನುಷ್ಯ. ಕುದುರೆ ಸವಾರಿಯ ಆಟವಂತೆ, ಪ್ರಕೃತಿ ಚಿತ್ರಣ ಅದ್ಭುತವಂತೆ. ಸುಮಾರು ನಾಲ್ಕೂವರೆ ಸಾವಿರ ರೂಪಾಯಿ ಆಗುವಷ್ಟು ಪೌಂಡ್ ಕೊಟ್ಟು ತಂದೆವು.

ನಾವು ವಾಪಸ್ ಬಂದ ಮೂರನೇ ದಿನ ಅಣ್ಣನ ಫೋನು. ‘ಏನಪ್ಪಾ ಕೊಟ್ಟು ಹೋಗಿದ್ದೀರಿ? ಬರೀ ಗುಂಡು, ರಕ್ತ, ಕುಡಿತ. ಅಮ್ಮ ಪಕ್ಕದಲ್ಲೇ ಕೂತು ಜಪ ಮಾಡ್ತಿದ್ಲು.’ ಆಮೇಲೆ ಪೆಟ್ಟಿಗೆಯ ಫೋಟೊ ತರಿಸಿ ನೋಡಿದರೆ ಮುಂಭಾಗದ ಮೂಲೆಯಲ್ಲೇ ಕೆಂಪು ಚೌಕದಲ್ಲಿ ದಪ್ಪಗೆ 18 ಎಂದು ಅಚ್ಚಾಗಿದೆ. ಇಲ್ಲಿ 2012ರಿಂದ ಈ ವಯಸ್ಸಿನ ಗುರುತಿಗೆ ಕಾನೂನಿನ ಬಲವಿದೆ. 18ರ ಆಟವನ್ನು ಚಿಕ್ಕವರಿಗೆ ಮಾರಿದರೆ ಅಂಗಡಿಯವನ ಮೇಲೆ ಕೇಸು. ಆದರೆ ನಮ್ಮ ನರೆತ ಕೂದಲು ನೋಡಿ ಅವನೇಕೆ ಪ್ರಶ್ನೆ ಕೇಳುತ್ತಾನೆ? ಲೆಕ್ಕಪತ್ರ ನೋಡುವುದೇ ಕಸುಬಾಗಿರುವ ನಾವು ಒಂದು ಅಂಕಿಯನ್ನು ನೋಡಿ ಇನ್ನೊಂದನ್ನು ನೋಡದೆ ಬಂದಿದ್ದೆವು.

ಅಂಕ ಎಂದರೆ ನಮ್ಮವರಿಗೆ ದೇವರ ವಾಕ್ಯ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 620 ಬಂದರೆ ಉಳಿದ ಐದು ಎಲ್ಲಿ ಹೋಯಿತು ಎಂದು ಕೇಳುವ ಜನ ನಾವು. ಹಾಗಾಗಿ ಮಕ್ಕಳು ಮೊಬೈಲ್ ಹಿಡಿದುಕೊಂಡು ಬಂದು ‘ಅಪ್ಪಾ, ಇದಕ್ಕೆ 92 ಇದೆ’ ಎಂದಾಗ ನಮ್ಮ ಬಾಯಿ ಕಟ್ಟಿಹೋಗುತ್ತದೆ. ಈ 92 ಎಲ್ಲಿಂದ ಬಂತು, ಯಾರು ಕೂಡಿಸಿದರು ಎಂದು ಆ ಫೋನ್ ಕರೆಯ ನಂತರ ಸ್ವಲ್ಪ ಕೆದಕಿ ನೋಡಿದೆವು. ಕಸುಬಿನ ಚಾಳಿ.

ಬಹುತೇಕ ಎಲ್ಲರೂ ತೋರಿಸುವ ಅಂಕ ಮೆಟಾಕ್ರಿಟಿಕ್ ಎಂಬ ಅಮೆರಿಕದ ಜಾಲತಾಣದ್ದು. 2001ರಲ್ಲಿ ಆರಂಭವಾದ ಇದು ತಾನಾಗಿ ಯಾವ ಆಟವನ್ನೂ ವಿಮರ್ಶಿಸುವುದಿಲ್ಲ. ಹತ್ತಾರು ಪತ್ರಿಕೆ, ಜಾಲತಾಣಗಳು ಕೊಟ್ಟ ಅಂಕಗಳನ್ನು ಒಟ್ಟು ಹಾಕಿ ಸರಾಸರಿ ತೆಗೆಯುತ್ತದೆ. ಅದೂ ಸರಳ ಸರಾಸರಿಯಲ್ಲ. ಕೆಲವು ಪತ್ರಿಕೆಗಳಿಗೆ ಹೆಚ್ಚು ತೂಕ, ಕೆಲವಕ್ಕೆ ಕಡಿಮೆ. ಯಾರಿಗೆ ಎಷ್ಟು ತೂಕ ಎಂಬುದನ್ನು ಮಾತ್ರ ಹೇಳುವುದಿಲ್ಲ. ಯಾವುದಾದರೂ ಕಂಪನಿ ಲೆಕ್ಕದ ವಿಧಾನವನ್ನು ಮುಚ್ಚಿಟ್ಟು ಮೊತ್ತವನ್ನಷ್ಟೇ ನಮ್ಮ ಮುಂದಿಟ್ಟರೆ ಆ ಕಡತವನ್ನು ನಾವು ಅಲ್ಲೇ ವಾಪಸ್ ಕಳಿಸುತ್ತೇವೆ.

ಒಬ್ಬೊಬ್ಬ ವಿಮರ್ಶಕನ ಅಳತೆಗೋಲೂ ಬೇರೆ. ಒಬ್ಬ ಐದು ನಕ್ಷತ್ರ ಇಟ್ಟುಕೊಂಡಿರುತ್ತಾನೆ, ಇನ್ನೊಬ್ಬ ಹತ್ತು ಅಂಕ, ಮತ್ತೊಬ್ಬ ಶಾಲೆಯ ರೀತಿ ಎ, ಬಿ, ಸಿ. ಎಲ್ಲವನ್ನೂ ನೂರಕ್ಕೆ ಇಳಿಸಬೇಕು. ಐದರಲ್ಲಿ ಮೂರು ನಕ್ಷತ್ರ ಕೊಟ್ಟವನ ಮನಸ್ಸಿನಲ್ಲಿ ‘ಪರವಾಗಿಲ್ಲ, ಆಡಬಹುದು’ ಎಂದಿರಬಹುದು. ಅದು 60 ಆಗಿ ಹಳದಿ ಬಣ್ಣ ಬಳಿದುಕೊಳ್ಳುತ್ತದೆ. ‘ಬಿ ಮೈನಸ್’ ಎಂದರೆ ಅಲ್ಲಿ 67. ಅದೂ ಹಳದಿಯೇ. ಆಟಕ್ಕೆ ಹಸಿರು ಬಣ್ಣ ಸಿಗಬೇಕಾದರೆ 75 ಬೇಕು. ಇನ್ನೂ ತಮಾಷೆ ಎಂದರೆ ಅದೇ ಜಾಲತಾಣದಲ್ಲಿ ಸಿನಿಮಾಕ್ಕೆ 61 ಬಂದರೆ ಸಾಕು, ಹಸಿರು! ಸಿನಿಮಾ ವಿಮರ್ಶಕರು ಕೈ ಬಿಗಿ ಹಿಡಿಯುತ್ತಾರೆ, ಆಟದ ವಿಮರ್ಶಕರು ಧಾರಾಳಿಗಳು ಎಂಬುದನ್ನು ಆ ಜಾಲತಾಣವೇ ಒಪ್ಪಿಕೊಂಡಂತಾಯಿತು.

ಧಾರಾಳ ಎಂದರೆ ಎಷ್ಟು? ಆಟದ ಲೋಕದಲ್ಲಿ 10ಕ್ಕೆ 7 ಎಂದರೆ ‘ಸುಮಾರು’ ಎಂದರ್ಥ. 5 ಬಂದರೆ ಅದನ್ನು ಯಾರೂ ಮುಟ್ಟುವುದಿಲ್ಲ. ನಮ್ಮ ಸಿ.ಎ. ಪರೀಕ್ಷೆಯಲ್ಲಿ ಪ್ರತಿ ಪತ್ರಿಕೆಗೆ 40, ಒಟ್ಟಾರೆ 50 ಶೇಕಡಾ ಬಂದರೆ ಮನೆಯಲ್ಲಿ ಸಿಹಿ ಹಂಚುತ್ತಿದ್ದರು. 1ರಿಂದ 6ರವರೆಗಿನ ಮೆಟ್ಟಿಲುಗಳನ್ನು ಯಾರೂ ಬಳಸದಿದ್ದರೆ ಆ ಏಣಿ ಇದ್ದು ಏನು ಪ್ರಯೋಜನ? ಎಲ್ಲರೂ ಹೀಗೇ ಎನ್ನುವಂತಿಲ್ಲ. 1993ರಿಂದ ಇಲ್ಲಿ ಬರುತ್ತಿರುವ ‘ಎಡ್ಜ್’ ಪತ್ರಿಕೆ ಮೊದಲ ಬಾರಿ ಹತ್ತಕ್ಕೆ ಹತ್ತು ಕೊಟ್ಟದ್ದು 1996ರಲ್ಲಿ, ‘ಸೂಪರ್ ಮಾರಿಯೊ 64’ಕ್ಕೆ. ಅದಕ್ಕೂ ಮೊದಲು ಜಗತ್ತನ್ನೇ ಹುಚ್ಚೆಬ್ಬಿಸಿದ ‘ಡೂಮ್’ ಆಟಕ್ಕೆ ಅದು ಕೊಟ್ಟದ್ದು 7. ಅದಕ್ಕಾಗಿ ಇವತ್ತಿಗೂ ಬೈಸಿಕೊಳ್ಳುತ್ತಿದೆ. ಜಪಾನಿನ ‘ಫಾಮಿತ್ಸು’ ಪತ್ರಿಕೆಯ ಪದ್ಧತಿ ನಮಗೆ ಹಿಡಿಸಿತು. ನಾಲ್ವರು ವಿಮರ್ಶಕರು, ತಲಾ ಹತ್ತು ಅಂಕ, ಒಟ್ಟು 40. ಯಾರು ಎಷ್ಟು ಕೊಟ್ಟರು ಎಂಬುದು ಬಿಚ್ಚಿಟ್ಟ ಲೆಕ್ಕ.

ಇಷ್ಟೇ ಆಗಿದ್ದರೆ ಮಕ್ಕಳಾಟ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಈ ಅಂಕದ ಮೇಲೆ ದುಡಿಯುವವರ ಸಂಬಳವೂ ನಿಂತಿದೆ. 2010ರಲ್ಲಿ ಅಬ್ಸಿಡಿಯನ್ ಎಂಬ ಅಮೆರಿಕದ ಸಂಸ್ಥೆ ‘ಫಾಲ್‌ಔಟ್: ನ್ಯೂ ವೇಗಸ್’ ಎಂಬ ಆಟ ಮಾಡಿಕೊಟ್ಟಿತು. ಮೆಟಾಕ್ರಿಟಿಕ್‌ನಲ್ಲಿ 85 ಬಂದರೆ ಪ್ರಕಾಶಕರಿಂದ ಬೋನಸ್ ಎಂದು ಒಪ್ಪಂದ. ಬಂದದ್ದು 84. ಒಂದು ಅಂಕದಲ್ಲಿ ಬೋನಸ್ ತಪ್ಪಿತು ಎಂಬುದನ್ನು ಸಂಸ್ಥೆಯ ಕ್ರಿಸ್ ಅವೆಲೋನ್ 2012ರಲ್ಲಿ ಬಹಿರಂಗವಾಗಿ ಹೇಳಿಕೊಂಡರು. ಯಾವುದೋ ಊರಿನಲ್ಲಿ ಯಾವನೋ ಒಬ್ಬ ವಿಮರ್ಶಕನಿಗೆ ಆ ದಿನ ತಲೆನೋವಿತ್ತೋ ಏನೋ. ಗುಟ್ಟಿನ ತೂಕ ಹಾಕಿದ ಸರಾಸರಿಯಲ್ಲಿ 84ಕ್ಕೂ 85ಕ್ಕೂ ಏನು ವ್ಯತ್ಯಾಸ? ಅಷ್ಟು ಸಣ್ಣ ಅಂತರವನ್ನು ನಮ್ಮ ವೃತ್ತಿಯಲ್ಲಿ ಗಣನೆಗೇ ತೆಗೆದುಕೊಳ್ಳುವುದಿಲ್ಲ. ಊರಿಗೆ ಹಣ ಕಳಿಸುವ ಕುಟುಂಬಗಳಿಗೆ ಬೋನಸ್ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಮನೆಯ ಮೇಲ್ಛಾವಣಿ ಅದು, ತಂಗಿಯ ಮದುವೆ ಅದು. ಕಂಪ್ಯೂಟರ್ ಆಟ ತಯಾರಿಸುವ ಸಂಸ್ಥೆಗಳಲ್ಲಿ ಬೆಂಗಳೂರಿನ ಮಕ್ಕಳೂ ದುಡಿಯುತ್ತಿದ್ದಾರೆ.

ಮುಂದೆ 2020ರ ಡಿಸೆಂಬರಿನಲ್ಲಿ ಪೋಲೆಂಡಿನ ‘ಸೈಬರ್‌ಪಂಕ್ 2077’ ಬಂತು. ಬಿಡುಗಡೆಗೆ ಮುಂಚೆ ವಿಮರ್ಶಕರಿಗೆ ಕೊಟ್ಟದ್ದು ದುಬಾರಿ ಕಂಪ್ಯೂಟರಿನಲ್ಲಿ ಆಡುವ ಪ್ರತಿ ಮಾತ್ರ. ತಾವು ಆಡಿದ ದೃಶ್ಯಗಳನ್ನು ಮೊದಲೇ ತೋರಿಸಲೂ ಅವರಿಗೆ ಅನುಮತಿ ಇರಲಿಲ್ಲ. ಅಂಕಗಳು ಹೊಳೆದವು. ಜನ ತಮ್ಮ ಹಳೆಯ ಪ್ಲೇಸ್ಟೇಷನ್ 4ಕ್ಕೆ ಕೊಂಡುತಂದು ಹಾಕಿದರೆ ಆಟ ತಡವರಿಸುತ್ತದೆ, ಒಡೆಯುತ್ತದೆ, ನಿಂತೇಹೋಗುತ್ತದೆ. ಒಂದೇ ವಾರದಲ್ಲಿ ಸೋನಿ ಅದನ್ನು ತನ್ನ ಅಂಗಡಿಯಿಂದ ಕೆಳಗಿಳಿಸಿ ದುಡ್ಡು ವಾಪಸ್ ಕೊಡಬೇಕಾಯಿತು. ಕೊನೆಗೆ ಕಂಪ್ಯೂಟರ್ ಆವೃತ್ತಿಗೆ 86, ಪ್ಲೇಸ್ಟೇಷನ್ 4ಕ್ಕೆ 57. ಒಂದು ಗೋದಾಮಿನ ದಾಸ್ತಾನು ತೋರಿಸಿ ಇನ್ನೊಂದಕ್ಕೂ ಸಹಿ ಹಾಕಿಸಿಕೊಂಡಂತೆ.

ವಿಮರ್ಶಕರ ಮೇಲಿನ ಒತ್ತಡವೂ ಸಣ್ಣದಲ್ಲ. 2007ರಲ್ಲಿ ಗೇಮ್‌ಸ್ಪಾಟ್ ಜಾಲತಾಣದ ಜೆಫ್ ಗರ್ಸ್ಟ್‌ಮನ್ ‘ಕೇನ್ ಆ್ಯಂಡ್ ಲಿಂಚ್’ ಎಂಬ ಆಟಕ್ಕೆ ಹತ್ತಕ್ಕೆ ಆರು ಕೊಟ್ಟರು. ಆ ಹೊತ್ತಿನಲ್ಲಿ ಜಾಲತಾಣದ ತುಂಬ ಅದೇ ಆಟದ ಜಾಹೀರಾತು. ಕೆಲವೇ ದಿನಗಳಲ್ಲಿ ಅವರ ಕೆಲಸ ಹೋಯಿತು. ಕಡಿಮೆ ಅಂಕದಿಂದ ಪ್ರಕಾಶಕರು ಮುನಿಸಿಕೊಂಡದ್ದೇ ದೊಡ್ಡ ಕಾರಣ ಎಂದು ಅವರು ಬಾಯಿ ಬಿಟ್ಟದ್ದು 2012ರಲ್ಲಿ. ಇಲ್ಲಿ ನಾವು ಹೆಚ್ಚು ಕಲ್ಲೆಸೆಯುವಂತಿಲ್ಲ. ಲೆಕ್ಕ ಪರಿಶೋಧಕನಿಗೆ ಶುಲ್ಕ ಕೊಡುವುದು ಪರಿಶೋಧನೆಗೆ ಒಳಗಾಗುವ ಕಂಪನಿಯೇ. ಸತ್ಯಂ ಹಗರಣ 2009ರಲ್ಲಿ ಬಯಲಾಗುವವರೆಗೆ ಅದರ ಲೆಕ್ಕಕ್ಕೆ ವರ್ಷ ವರ್ಷವೂ ಸಹಿ ಬೀಳುತ್ತಲೇ ಇತ್ತು.

ಆದರೂ ನಮ್ಮ ವೃತ್ತಿಯಿಂದ ಒಂದು ಮಾತು ಹೇಳಬಹುದು. ಪರಿಶೋಧಕ ಕಂಪನಿಗೆ ನೂರಕ್ಕೆ ಇಷ್ಟು ಎಂದು ಅಂಕ ಕೊಡುವುದಿಲ್ಲ. ಲೆಕ್ಕ ಸರಿಯಿದೆ ಎನ್ನುತ್ತಾನೆ. ಅಥವಾ ಈ ಒಂದು ವಿಷಯ ಬಿಟ್ಟು ಸರಿಯಿದೆ ಎನ್ನುತ್ತಾನೆ. ಸರಿಯಿಲ್ಲ ಎಂದೂ ಹೇಳಬಹುದು, ನೋಡಲು ಕಾಗದ ಸಿಗಲಿಲ್ಲ, ಅಭಿಪ್ರಾಯ ಕೊಡಲಾರೆ ಎಂದೂ ಹೇಳಬಹುದು. ‘ಈ ಒಂದು ವಿಷಯ ಬಿಟ್ಟು’ ಎಂಬುದೇ ಓದುವವನಿಗೆ ಬೇಕಾದದ್ದು. ಆಟದ ವಿಮರ್ಶೆಯೂ ಅಂಥ ಮಾತನ್ನು ಹೇಳುತ್ತದೆ. ಅರವತ್ತು ಗಂಟೆಯ ಆಟವನ್ನು ವಾರದೊಳಗೆ ಮುಗಿಸಿ ನಿದ್ದೆಗೆಟ್ಟು ಬರೆಯುವ ಒಳ್ಳೆಯ ವಿಮರ್ಶಕರು ಇದ್ದಾರೆ. ಅವರು ಬರೆದ ಎರಡು ಸಾವಿರ ಪದ ಬಿಟ್ಟು ಕೊನೆಯ ಅಂಕಿಗೆ ಹಾರುವವರು ನಾವು. ಇದರಿಂದ ಬೇಸತ್ತು ಇಲ್ಲಿನ ಯೂರೋಗೇಮರ್ 2015ರಲ್ಲಿ ಅಂಕ ಕೊಡುವುದನ್ನೇ ನಿಲ್ಲಿಸಿತು. 2023ರಲ್ಲಿ ಐದು ನಕ್ಷತ್ರ ಹಿಡಿದು ಮರಳಿ ಬಂತು. ಅಂಕವಿಲ್ಲದೆ ಬದುಕುವುದು ಕಷ್ಟ ಎಂದಾಯಿತು. ಓದುಗರನ್ನು ದೂರಲೂ ಆಗದು. ದಿನವಿಡೀ ದುಡಿದು ಬಂದ ತಂದೆ ತಾಯಿಗೆ ಎರಡು ಸಾವಿರ ಪದ ಓದುವ ಪುರುಸೊತ್ತು ಎಲ್ಲಿ?

ಹಾಗಂತ ಆಟವಾಡುವ ಜನರೇ ಕೊಡುವ ಅಂಕ ನಂಬೋಣವೆಂದರೆ ಅದರ ಕಥೆ ಇನ್ನೊಂದು. 2020ರ ಜೂನಿನಲ್ಲಿ ‘ದ ಲಾಸ್ಟ್ ಆಫ್ ಅಸ್ 2’ ಬಿಡುಗಡೆಯಾದ ದಿನವೇ ಸಾವಿರಾರು ಜನ ಬಂದು ಸೊನ್ನೆ ಸುರಿದರು. ಅಷ್ಟು ಉದ್ದದ ಆಟವನ್ನು ಅಷ್ಟರಲ್ಲಿ ಮುಗಿಸಿದವರು ಎಷ್ಟು ಮಂದಿಯೋ. ಆಮೇಲೆ ಮೆಟಾಕ್ರಿಟಿಕ್ ಹೊಸ ಆಟಕ್ಕೆ ಸಾರ್ವಜನಿಕರು ಅಂಕ ಕೊಡಲು 36 ಗಂಟೆ ಕಾಯಬೇಕೆಂದು ನಿಯಮ ಮಾಡಿತು.

ಪೋಷಕರಾಗಿ ನಮ್ಮ ದೊಡ್ಡ ತಕರಾರು ಇರುವುದು ದಿನಾಂಕದ ಬಗ್ಗೆ. ವಿಮರ್ಶೆ ಬರುವುದು ಆಟ ಬಿಡುಗಡೆಯಾಗುವ ದಿನ. ಆಟ ಅಲ್ಲಿಗೆ ನಿಲ್ಲುವುದಿಲ್ಲ. 2019ರ ಜೂನಿನಲ್ಲಿ ‘ಕ್ರ್ಯಾಶ್ ಟೀಮ್ ರೇಸಿಂಗ್’ ಎಂಬ ಮಕ್ಕಳ ಕಾರಿನ ಆಟ ಬಂತು, ಒಳ್ಳೆಯ ಅಂಕ ಪಡೆಯಿತು. ಆಟದೊಳಗಿನ ನಾಣ್ಯಗಳನ್ನು ನಿಜವಾದ ದುಡ್ಡಿಗೆ ಮಾರುವ ವ್ಯವಸ್ಥೆ ಸೇರಿದ್ದು ಆಗಸ್ಟಿನಲ್ಲಿ. ಅಂಕ ಅಲ್ಲೇ ಇತ್ತು, ಆಟ ಬದಲಾಗಿತ್ತು. ಲೆಕ್ಕಪತ್ರದ ದಿನಾಂಕದ ನಂತರ ಏನಾದರೂ ಘಟಿಸಿದರೆ ಅದನ್ನು ತಿಳಿಸಲು ನಮ್ಮಲ್ಲಿ ಪ್ರತ್ಯೇಕ ನಿಯಮವೇ ಇದೆ. ಇಲ್ಲಿ ಯಾರೂ ವಾಪಸ್ ಹೋಗಿ 80ನ್ನು 60 ಮಾಡುವುದಿಲ್ಲ. ಅಂಗಡಿಯಿಂದ ತಂದ ದಿನದ ಬೆಲೆಯೊಂದೇ ಬೆಲೆ ಎಂದು ತಿಳಿದ ಮನೆಗಳಿಗೆ ತಿಂಗಳ ಕೊನೆಯಲ್ಲಿ ಕ್ರೆಡಿಟ್ ಕಾರ್ಡಿನ ಬಿಲ್ಲು ಉತ್ತರ ಹೇಳುತ್ತದೆ. ಯುರೋಪಿನ ವಯಸ್ಸಿನ ಗುರುತು ಕೊಡುವ ಪೆಗಿ ಸಂಸ್ಥೆ 2018ರಿಂದ ‘ಆಟದೊಳಗೆ ಖರೀದಿ ಇದೆ’ ಎಂಬ ಚಿಹ್ನೆಯನ್ನೂ ಹಾಕುತ್ತಿದೆ. ಪುಟ್ಟ ಚಿಹ್ನೆ, ಪೆಟ್ಟಿಗೆಯ ಹಿಂಭಾಗದಲ್ಲಿ. ಊರಿಗೆ ಆಟ ಒಯ್ಯುವವರು ಕನ್ನಡಕ ಹಾಕಿಕೊಂಡಾದರೂ ಅದನ್ನು ನೋಡಲಿ. ಮುಂಭಾಗದ 3, 7, 12, 16, 18ನ್ನು ನೋಡಲು ಕನ್ನಡಕವೂ ಬೇಡ. ನಮಗೆ ಅದೂ ಕಾಣಲಿಲ್ಲ ಎಂಬುದು ಬೇರೆ ಮಾತು.

ಇನ್ನು ಬಾಳಿಕೆ. ಅಂತರ್ಜಾಲವಿಲ್ಲದೆ ತೆರೆಯದ ಆಟಗಳು ಈಗ ಬೇಕಾದಷ್ಟು. ಯೂಬಿಸಾಫ್ಟ್‌ನ ‘ದ ಕ್ರೂ’ ಎಂಬ 2014ರ ಕಾರಿನ ಆಟದ ಸರ್ವರನ್ನು 2024ರ ಮಾರ್ಚ್ 31ಕ್ಕೆ ಮುಚ್ಚಿದರು. ಡಿಸ್ಕ್ ಕೈಯಲ್ಲಿದ್ದರೂ ಒಬ್ಬರೇ ಕೂತು ಆಡಲೂ ಆಗದು. ಅದೇ ವರ್ಷ ಸೋನಿಯ ‘ಕಾನ್ಕಾರ್ಡ್’ ಬಿಡುಗಡೆಯಾಗಿ ಎರಡೇ ವಾರಕ್ಕೆ ಬಾಗಿಲು ಹಾಕಿತು. ಪುಣ್ಯಕ್ಕೆ ದುಡ್ಡು ಹಿಂದಿರುಗಿಸಿದರು. ಈ ಸಂಸ್ಥೆ ಮುಂದೆಯೂ ನಡೆದೀತೇ ಎಂದು ಪರಿಶೋಧಕ ಕೇಳಲೇಬೇಕು. ನೂರಕ್ಕೆ ಇಷ್ಟು ಎಂಬ ಅಂಕದಲ್ಲಿ ಆ ಪ್ರಶ್ನೆಗೆ ಜಾಗವೇ ಇಲ್ಲ.

ಈಗ ನಮ್ಮ ಮನೆಯಲ್ಲಿ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಆಟ ಬೇಕೆಂದರೆ ಮಗ ಒಂದು ವಿಮರ್ಶೆಯನ್ನು ಪೂರ್ತಿ ಓದಬೇಕು, ಭಾನುವಾರದ ವಿಡಿಯೊ ಕರೆಯಲ್ಲಿ ದಾವಣಗೆರೆಯ ಅಜ್ಜಿಗೆ ಅದನ್ನು ಕನ್ನಡದಲ್ಲಿ ಹೇಳಬೇಕು. ಇಂಗ್ಲಿಷ್ ಶಾಲೆಯ ಹುಡುಗನಿಗೆ ಕನ್ನಡದ ಅಭ್ಯಾಸವೂ ಆದೀತು ಎಂಬ ಸ್ವಾರ್ಥವೂ ಇದೆ ಅನ್ನಿ. ಕಳೆದ ಭಾನುವಾರ ಒಂದು ಆಟದ ಬಗ್ಗೆ ಹತ್ತು ನಿಮಿಷ ಹೇಳಿದ. ಬಣ್ಣ, ಸಂಗೀತ, ಗೆಳೆಯರೊಂದಿಗೆ ಕೂಡಿ ಆಡುವುದು, 91 ಅಂಕ, ಎಲ್ಲ. ಅಜ್ಜಿ ಪೂರ್ತಿ ಕೇಳಿಸಿಕೊಂಡು, ‘ಅಲ್ಲ ಮರಿ, ಇದು ಮುಗಿಯೋದು ಯಾವಾಗ?’ ಎಂದಳು. ಅವನು ನಮ್ಮ ಮುಖ ನೋಡಿದ. ಆಮೇಲೆ ವಿಮರ್ಶೆಯನ್ನು ಮತ್ತೆ ಮೊದಲಿನಿಂದ ಓದಲು ಕೂತ.