ಗೇಟಿನ ಸರಪಳಿ, ಅನ್ನದ ಸರಪಳಿ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ್ದ ಜಲಾಶಯದಿಂದ ವಾರದೊಳಗೆ 30 ಟಿಎಂಸಿಗೂ ಹೆಚ್ಚು ನೀರು ನದಿಯ ಪಾಲಾಯಿತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕಾರ್ಮಿಕರು ಧುಮ್ಮಿಕ್ಕುವ ನೀರಿನ ನಡುವೆಯೇ ತಾತ್ಕಾಲಿಕ ಗೇಟು ಇಳಿಸಿದ್ದು ಸಾಮಾನ್ಯ ಸಾಹಸವಲ್ಲ. ಮಳೆ ಮರಳಿ ಬಂದು ಜಲಾಶಯ ಮತ್ತೆ ತುಂಬಿತು. ಆದರೆ ಅದು ಅದೃಷ್ಟವೇ ಹೊರತು ಯೋಜನೆಯಲ್ಲ.

ಅದರ ಹಿಂದಿನ ವರ್ಷ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾಗಿದ್ದವು. ಗಂಗಾವತಿ ಸೀಮೆಯ ಗದ್ದೆಗಳಿಗೆ ಎರಡನೇ ಬೆಳೆಯ ನೀರು ದಕ್ಕಲಿಲ್ಲ. ಎಲ್ಲ 33 ಗೇಟುಗಳನ್ನು ಬದಲಿಸುವ ಕಾಮಗಾರಿಗಾಗಿ 2025-26ರಲ್ಲಿಯೂ ಎರಡನೇ ಬೆಳೆಗೆ ನೀರು ಹರಿಸದಿರಲು ನಿರ್ಧರಿಸಲಾಯಿತು. ನಾಟಿ ನಿಂತರೆ ಕೂಲಿ ನಿಲ್ಲುತ್ತದೆ. ಗಂಗಾವತಿ, ಕಾರಟಗಿಯ ಅಕ್ಕಿ ಗಿರಣಿಗಳ ಹಮಾಲರು, ಲಾರಿಯವರು ಕೈಕಟ್ಟಿ ಕೂರುತ್ತಾರೆ. ಗದ್ದೆಗಳನ್ನು ಅಡಿಕೆ ತೋಟವಾಗಿಸಿ ಅಂಗಡಿಯ ಸೋನಾ ಮಸೂರಿಯನ್ನು ನೆಚ್ಚಿರುವ ಮಲೆನಾಡಿನ ಮನೆಗಳಿಗೂ ಇದು ದೂರದ ಸುದ್ದಿಯಲ್ಲ. ತುಂಗೆ, ಭದ್ರೆಯರು ಹುಟ್ಟುವುದು ಈ ಗುಡ್ಡಗಳಲ್ಲಿಯೇ. ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳಿನಿಂದಾಗಿ 105ಕ್ಕೆ ಇಳಿದಿದೆ. ಜಲಾನಯನದಲ್ಲಿ ಮರ ಕಡಿದು ಮಣ್ಣು ಸಡಿಲಿಸಿದವರೆಲ್ಲರಿಗೂ ಆ ಹೂಳಿನಲ್ಲಿ ಪಾಲಿದೆ.

ಒಂದೇ ಜಲಾಶಯ, ಒಂದೇ ಬೆಳೆ, ಒಂದೇ ಪೇಟೆ: ಇಂಥ ವ್ಯವಸ್ಥೆ ಒಂದು ಕೊಂಡಿ ಕಳಚಿದರೆ ಸಾಕು, ಕುಸಿಯುತ್ತದೆ. ಅದೇ ಜಿಲ್ಲೆಯ ಕುಷ್ಟಗಿ, ಯಲಬುರ್ಗಾಗಳು ಮಳೆಯನ್ನೇ ನಂಬಿದ ತಾಲ್ಲೂಕುಗಳು. ಜೋಳ, ಸಜ್ಜೆ, ತೊಗರಿ, ಕಡಲೆಗಳನ್ನು ಕೂಡಿಸಿ ಬಿತ್ತುವ ಅಲ್ಲಿನ ಅಕ್ಕಡಿ ಪದ್ಧತಿಯಲ್ಲಿ ಒಂದು ಕೈಕೊಟ್ಟರೆ ಇನ್ನೊಂದು ಉಳಿಯುತ್ತಿತ್ತು. ನೆಲದಡಿಯ ಹಗೇವುಗಳಲ್ಲಿ ಜೋಳ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಹಗೇವು ಮುಚ್ಚಿ, ಸುಗ್ಗಿಯ ದಿನವೇ ವ್ಯಾಪಾರಿ ಹೇಳಿದ ಬೆಲೆಗೆ ಧಾನ್ಯ ಮಾರುವಂತಾದುದನ್ನು ಪ್ರಗತಿಯೆನ್ನುವುದು ಕಷ್ಟ.

2019ರಲ್ಲಿ ಕೊಪ್ಪಳದ ಗವಿಮಠದ ಶ್ರೀಗಳ ಮುಂದಾಳತ್ವದಲ್ಲಿ ಜನ ಹಿರೇಹಳ್ಳವನ್ನು ಸ್ವಚ್ಛಗೊಳಿಸಿದರು. ಕುಷ್ಟಗಿಯ ನಿಡಶೇಸಿ ಕೆರೆಯ ಹೂಳೆತ್ತಿದರು. ನೀರಿಗಾಗಿ ಕೂಡಿದ ಆ ಕೈಗಳು ಕಾಳಿಗಾಗಿಯೂ ಕೂಡಬಲ್ಲವು. ಹೋಬಳಿಗೊಂದು ಒಣ ಗೋದಾಮು, ಅಲ್ಲಿಟ್ಟ ಧಾನ್ಯದ ಮೇಲೆ ಸುಲಭದ ಅಡಮಾನ ಸಾಲ, ಊರಿಗೊಂದು ಬೀಜದ ಕಣಜ ಅಸಾಧ್ಯದ ಬೇಡಿಕೆಗಳಲ್ಲ. ಸರ್ಕಾರದ ಜೋಳ ಖರೀದಿ ಕೇಂದ್ರಗಳು ಕಟಾವಿಗೆ ಮೊದಲೇ ತೆರೆಯಬೇಕು. ಯಲಬುರ್ಗಾದಲ್ಲಿ ಕೊಂಡ ಜೋಳ ಅಲ್ಲಿನ ಗೋದಾಮಿನಲ್ಲಿಯೇ ಉಳಿದು, ಅಲ್ಲಿನ ಪಡಿತರ ಅಂಗಡಿಗೇ ಮೊದಲು ಹೋಗಬೇಕು.