ನಗಿಸಿದವರ ನೆನಪು

ಕಳೆದ ತಿಂಗಳು ನಮ್ಮ ಕಾಲೇಜಿನ ಸಭಾಂಗಣದಲ್ಲಿ ಒಂದು ಸಂತಾಪ ಸಭೆ ನಡೆಯಿತು. ರಸಾಯನಶಾಸ್ತ್ರದ ಹಿರಿಯ ಅಧ್ಯಾಪಕರೊಬ್ಬರು ಕಾಲವಾಗಿದ್ದರು. 22 ವರ್ಷ ಪಾಠ ಹೇಳಿದವರು. ಅಷ್ಟೇ ವಾರ್ಷಿಕೋತ್ಸವಗಳಲ್ಲಿ ಹುಡುಗರಿಂದ ನಾಟಕ ಆಡಿಸಿದವರು. ಅವರ ಪಾಲಿಗೆ ನಾಟಕವೆಂದರೆ ಟಿ. ಪಿ. ಕೈಲಾಸಂ. ಕನ್ನಡದಲ್ಲಿ ಎಂ.ಎ. ಮಾಡಿದ ನನಗಿಂತ ಆ ರಸಾಯನಶಾಸ್ತ್ರದ ಮೇಷ್ಟರೇ ಕೈಲಾಸಂ ಅವರನ್ನು ಚೆನ್ನಾಗಿ ಬಲ್ಲವರಾಗಿದ್ದರು. ಅವರು ಇದ್ದಾಗ ಇದನ್ನು ಒಪ್ಪಿಕೊಳ್ಳಲು ನನಗೆ ಸಂಕೋಚವಿತ್ತು.

ಸಭೆ ಗಂಭೀರವಾಗಿಯೇ ಆರಂಭವಾಯಿತು. ಪ್ರಾಂಶುಪಾಲರು ತುಂಬಲಾರದ ನಷ್ಟವೆಂದರು. ಅವರ ತರುವಾಯ ಪ್ರಯೋಗಶಾಲೆಯ ಅಟೆಂಡರ್ ಎದ್ದು ನಿಂತ. "ಒಬ್ಬ ಹುಡುಗ ಬ್ಯೂರೆಟ್ ಒಡೆದು ನಡುಗುತ್ತ ನಿಂತಿದ್ದ ಸ್ವಾಮಿ. ಮೇಷ್ಟ್ರು ಬಂದು ಚೂರುಗಳನ್ನೆಲ್ಲ ನೋಡಿದರು. 'ಭಲೇ, ಪ್ರಯೋಗ ಸಫಲವಾಯಿತು. ಗಾಜು ಒಡೆಯುತ್ತದೆ ಅಂತ ಸಿದ್ಧವಾಯಿತಲ್ಲ, ರೆಕಾರ್ಡಿನಲ್ಲಿ ಬರೆದುಕೋ' ಅಂದರು. ದಂಡದ ದುಡ್ಡನ್ನೂ ತಾವೇ ಕಟ್ಟಿದರು" ಎಂದ. ಸಭೆ ಗೊಳ್ಳೆಂದಿತು. ಅಲ್ಲಿಂದಾಚೆಗೆ ಮಾತನಾಡಿದವರೆಲ್ಲರೂ ಒಂದೊಂದು ವಿನೋದ ಹೇಳಿದರು. ನನ್ನ ಸರದಿ ಬಂದಾಗ ನಾನೂ ಅವರ ಹೆಸರಿನಲ್ಲಿ ಒಂದು ಚಾಟೂಕ್ತಿ ಹೇಳಿ ಚಪ್ಪಾಳೆ ಗಿಟ್ಟಿಸಿದೆ. ಅಪರಿಚಿತರು ಯಾರಾದರೂ ಬಾಗಿಲಲ್ಲಿ ಇಣುಕಿದ್ದರೆ ಹಾಸ್ಯಗೋಷ್ಠಿಯೆಂದೇ ಭಾವಿಸುತ್ತಿದ್ದರು.

ಸಭೆ ಮುಗಿದ ಮೇಲೆ ಅವರ ಪತ್ನಿಯವರಿಗೆ ಕೈಮುಗಿದೆ. ಆಕೆ ಮೆಲ್ಲಗೆ, "ನೀವು ಹೇಳಿದ ಮಾತು ಚೆನ್ನಾಗಿತ್ತು. ಆದರೆ ಅದು ಇವರದಲ್ಲ. ಕೈಲಾಸಂ ಅವರದು ಅಂತ ಇವರೇ ಎಲ್ಲರಿಗೂ ಹೇಳುತ್ತಿದ್ದರು" ಎಂದರು. ಆಕ್ಷೇಪಣೆಯ ದನಿಯಿರಲಿಲ್ಲ. ಆದರೂ ನಾನು ತಲೆ ತಗ್ಗಿಸಿದೆ. ಮನೆಗೆ ಬಂದು ಪುಸ್ತಕಗಳನ್ನು ತಿರುವಿಹಾಕಿದರೆ, ಅದೇ ಮಾತು ಒಂದು ಹಾಸ್ಯಸಂಗ್ರಹದಲ್ಲಿ ಬೇರೆ ಯಾರದೋ ಹೆಸರಿನಲ್ಲಿ ಅಚ್ಚಾಗಿತ್ತು! ನಗೆಮಾತಿಗೆ ಮನೆಯಿಲ್ಲ, ಯಾರು ಪ್ರಸಿದ್ಧರೋ ಅವರ ಜಗಲಿಯಲ್ಲಿ ಬಂದು ಮಲಗುತ್ತದೆ. ಕನ್ನಡನಾಡಿನಲ್ಲಿ ಅಂಥ ಅನಾಥ ಮಾತುಗಳಿಗೆಲ್ಲ ಕೈಲಾಸಂ ಅವರ ಜಗಲಿಯೇ ಧರ್ಮಛತ್ರವಾಗಿದೆ.

ಕೈಲಾಸಂ ತೀರಿಕೊಂಡದ್ದು 1946ರಲ್ಲಿ. ಅವರನ್ನು ಕಣ್ಣಾರೆ ಕಂಡವರ ಪೀಳಿಗೆಯೇ ಈಗ ಹೆಚ್ಚುಕಡಮೆ ಮುಗಿದಿದೆ. ತಂದೆ ಪರಮಶಿವ ಅಯ್ಯರ್ ಮೈಸೂರು ಸಂಸ್ಥಾನದ ನ್ಯಾಯಾಧೀಶರು. ಮಗ ಲಂಡನ್ನಿಗೆ ಹೋಗಿ ರಾಯಲ್ ಕಾಲೇಜ್ ಆಫ್ ಸೈನ್ಸ್‌ನಲ್ಲಿ ಭೂವಿಜ್ಞಾನ ಓದಿ, 1915ರಲ್ಲಿ ಹಿಂದಿರುಗಿ, ಸರ್ಕಾರದ ಭೂಗರ್ಭ ಇಲಾಖೆಗೆ ಸೇರಿ, ಕೆಲವೇ ವರ್ಷಗಳಲ್ಲಿ ಆ ನೌಕರಿಗೆ ಶರಣು ಹೊಡೆದು ಬಂದರು. ಕಲ್ಲಿನ ಪದರಗಳನ್ನು ಬಿಟ್ಟು ಬೆಂಗಳೂರಿನ ಮಧ್ಯಮವರ್ಗದ ಮನೆಗಳ ಪದರಗಳನ್ನು ಅಗೆಯತೊಡಗಿದರು. ಕಂಪನಿ ನಾಟಕಗಳಲ್ಲಿ ರಾಜರು ಕಂದಪದ್ಯಗಳಲ್ಲಿ ಮಾತನಾಡುತ್ತಿದ್ದ ಕಾಲ. ಇವರ ರಂಗದ ಮೇಲೆ ವಕೀಲರು, ಗುಮಾಸ್ತರು, ಅಡಿಗೆಯವರು, ಮನೆಯ ಹೆಂಗಸರು ತಾವು ಮನೆಯಲ್ಲಿ ಆಡುವ ಮಾತನ್ನೇ, ಅರ್ಧ ಇಂಗ್ಲಿಷ್ ಬೆರೆತ ಮಾತನ್ನೇ ಆಡಿದರು. ಲಂಡನ್ನಿನ ವಿನೋದಶಾಲೆಗಳಲ್ಲಿ ಕೇಳಿದ ಹಾಡಿನ ಧಾಟಿಗೆ ಕನ್ನಡ ತೊಡಿಸಿ 'ಕೋಳೀಕೆ ರಂಗ'ನನ್ನು ಸೃಷ್ಟಿಸಿದರು. ಆ ಹಾಡಿನ ಮೂಲ ಇಂಗ್ಲಿಷಿನಲ್ಲಿದೆಯೆಂದರೆ ನನ್ನ ವಿದ್ಯಾರ್ಥಿಗಳು ಇಂದಿಗೂ ನಂಬುವುದಿಲ್ಲ.

ಇಷ್ಟೆಲ್ಲ ಮಾಡಿದ ಈ ಪುರುಷನಿಗೆ ಲೇಖನಿ ಹಿಡಿಯುವುದೆಂದರೆ ಬೇಸರ. ಸಿಗರೇಟಿನ ಹೊಗೆಯ ನಡುವೆ ಗೆಳೆಯರನ್ನು ಸುತ್ತ ಕೂರಿಸಿಕೊಂಡು ನಾಟಕವನ್ನು ಹೇಳುತ್ತಿದ್ದರು, ಎಲ್ಲ ಪಾತ್ರಗಳನ್ನೂ ತಾವೇ ಅಭಿನಯಿಸುತ್ತಿದ್ದರು. ಬರೆದುಕೊಂಡವರು ಗೆಳೆಯರು. 'ಕೀಚಕ' ನಾಟಕವಂತೂ ಅವರ ಮರಣಾನಂತರ ಬಿ. ಎಸ್. ರಾಮರಾವ್ ಅವರ ಮೂಲಕ ಅಕ್ಷರರೂಪಕ್ಕೆ ಬಂದು 1949ರಲ್ಲಿ ಪ್ರಕಟವಾಯಿತು. ಸ್ವಲ್ಪ ಯೋಚಿಸಿ ನೋಡಿ. ಸತ್ತವರ ಬಗ್ಗೆ ಗೆಳೆಯರು ನೆನಪು ಹೇಳಿಕೊಳ್ಳುವುದು ಲೋಕರೂಢಿ. ಸತ್ತವರ ಕೃತಿಯನ್ನೇ ಗೆಳೆಯರು ನೆನಪಿನಿಂದ ಎತ್ತಿಕೊಡಬೇಕಾಗಿ ಬರುವುದು ಅಪರೂಪ. ಆ ಗೆಳೆಯರಿಗೆ ಮರೆವು ಬಂದಿದ್ದರೆ ನಮ್ಮ ಪಾಲಿಗೆ ಒಂದು ನಾಟಕವೇ ಇಲ್ಲವಾಗುತ್ತಿತ್ತು.

ಅವರ ಋಣ ದೊಡ್ಡದು. ಆದರೂ ಒಂದು ತಕರಾರಿದೆ, ಹೇಳಿಯೇ ಬಿಡುತ್ತೇನೆ. ನೆನಪು ನಗುವನ್ನು ಬೇಗ ಹಿಡಿಯುತ್ತದೆ. ಗುಂಪಿನಲ್ಲಿ ಆಡಿದ ಚತುರೋಕ್ತಿಗೆ ಹತ್ತು ಜನ ಸಾಕ್ಷಿಗಳು. ಎಲ್ಲರೂ ಎದ್ದುಹೋದ ಮೇಲೆ ಅದೇ ಮನುಷ್ಯ ಆ ಕೋಣೆಯಲ್ಲಿ ಒಬ್ಬನೇ ಹೇಗೆ ಕುಳಿತಿದ್ದನೆಂಬುದಕ್ಕೆ ಸಾಕ್ಷಿ ಯಾರು? ಕೈಲಾಸಂ ಅವರ ಸಂಸಾರಜೀವನ ನೆಮ್ಮದಿಯದಾಗಿರಲಿಲ್ಲವೆಂಬುದು ಗುಟ್ಟಲ್ಲ. ಆದರೆ ಊಟದ ಮೇಜಿನ ಸುತ್ತ ಇಂದಿಗೂ ಸುತ್ತುವುದು 'ಕೈಲಾಸಂ ಜೋಕು'ಗಳೇ. ಪ್ರಹಸನ ಪಿತಾಮಹರೆಂಬ ಬಿರುದು ಅವರಿಗೆ ಎಷ್ಟು ಬಿಗಿಯಾಗಿ ಅಂಟಿತೆಂದರೆ ಅದರ ಹಿಂದಿನ ಮುಖವೇ ಕಾಣದಾಯಿತು.

ಆ ಮುಖವನ್ನು ಕಾಣಲು ಅವರ ಇಂಗ್ಲಿಷ್ ನಾಟಕಗಳನ್ನು ತೆರೆಯಬೇಕು. ಅಲ್ಲಿ ವಿನೋದಕ್ಕೆ ಎಡೆಯಿಲ್ಲ. ಏಕಲವ್ಯ, ಕರ್ಣ, ಭರತ, ಎಲ್ಲರೂ ಏನನ್ನೋ ಕಳೆದುಕೊಂಡವರು. ಏಕಲವ್ಯನನ್ನು ಕುರಿತ 'ದಿ ಪರ್ಪಸ್' ನಾಟಕದಲ್ಲಿ ಅರ್ಜುನನಿಗೆ ಬಿಲ್ವಿದ್ಯೆ ಬೇಕಾದದ್ದು ಲೋಕದಲ್ಲಿ ತನಗೆ ಸಮಾನರಿಲ್ಲವೆನಿಸಿಕೊಳ್ಳುವುದಕ್ಕೆ. ಬೇಡರ ಹುಡುಗನಿಗೆ ಬೇಕಾದದ್ದು ಕಾಡಿನ ಜಿಂಕೆಮರಿಗಳನ್ನು ತೋಳಗಳಿಂದ ಕಾಯುವುದಕ್ಕೆ. ಇದನ್ನು ತಿಳಿದ ಮೇಲೆ ಆ ಹೆಬ್ಬೆರಳು ಬೀಳುವಾಗ ನಮಗೆ ನೆನಪಾಗುವವರು ಗುರುವೂ ಅಲ್ಲ, ಶಿಷ್ಯನೂ ಅಲ್ಲ. ಇನ್ನು ಕಾಯುವವರಿಲ್ಲದ ಆ ಮರಿಗಳು. ಗೆಳೆಯರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದವರ ಮನಸ್ಸಿನಲ್ಲಿ ಇದೂ ಇತ್ತು.

ಕನ್ನಡದಲ್ಲಿಯೂ ಇಲ್ಲವೆಂದಲ್ಲ. 'ಟೊಳ್ಳುಗಟ್ಟಿ'ಯಲ್ಲಿ ಪರೀಕ್ಷೆ ಪಾಸು ಮಾಡುವ ಮಗನನ್ನೂ ಫೇಲಾಗುವ ಮಗನನ್ನೂ ಎದುರುಬದುರು ನಿಲ್ಲಿಸಿ, ಮನೆಗೆ ವಿಪತ್ತು ಬಂದಾಗ ಗಟ್ಟಿ ಯಾರೆಂದು ಕೇಳುತ್ತಾರೆ. ತರಗತಿಯಲ್ಲಿ ಇದನ್ನು ಓದಿಸಿದರೆ ಹಿಂದಿನ ಬೆಂಚಿನವರು ನಗುವುದನ್ನು ನಿಲ್ಲಿಸಿ ಕಿವಿಗೊಡುವ ಒಂದು ಗಳಿಗೆ ಇದೆ. 'ಬಹಿಷ್ಕಾರ'ವಂತೂ ಮಗಳ ಮದುವೆಗೆ ಕಾಲ ಮೀರಿತೆಂದು ಜಾತಿಯಿಂದ ಹೊರಗಾಗುವ ಒಂದು ಬ್ರಾಹ್ಮಣ ಕುಟುಂಬದ ಗೋಳು.

ನಮ್ಮ ಮೇಷ್ಟರ ವಿಷಯಕ್ಕೆ ಮರಳುತ್ತೇನೆ. ಸಿ. ಆರ್. ಸಿಂಹ ಅವರು ಒಬ್ಬರೇ ರಂಗದ ಮೇಲೆ ನಿಂತು 'ಟಿಪಿಕಲ್ ಟಿ. ಪಿ. ಕೈಲಾಸಂ' ಆಡಿದ್ದನ್ನು ಅವರು ಯೌವನದಲ್ಲಿ ಕಂಡವರು. ಕೈಲಾಸಂ ಅವರನ್ನು ನೋಡದ ಪೀಳಿಗೆಗೆ ಕೈಲಾಸಂ ಅವರನ್ನು ತೋರಿಸಿದ ಸಿಂಹ ಅವರೂ 2014ರಲ್ಲಿ ತೀರಿಕೊಂಡರು. ಅದನ್ನು ನೋಡಿ ಬಂದ ರಾತ್ರಿ ತಮಗೆ ನಿದ್ದೆ ಬರಲಿಲ್ಲವೆಂದು ಮೇಷ್ಟರು ಹೇಳುತ್ತಿದ್ದರು. ನಕ್ಕು ನಕ್ಕೇ ಇರಬೇಕೆಂದು ನಾನು ಭಾವಿಸಿದ್ದೆ, ಏಕೆಂದು ಕೇಳಲಿಲ್ಲ.

ಮೊನ್ನೆ ಭಾನುವಾರ ಅವರ ಮನೆಗೆ ಹೋಗಿದ್ದೆ. ಪತ್ನಿಯವರು ಕಾಫಿ ಕೊಟ್ಟು, ಬಟ್ಟೆಯ ಚೀಲದಿಂದ ಒಂದು ಪುಸ್ತಕ ತೆಗೆದು ಮುಂದಿಟ್ಟರು. 'ಬಹಿಷ್ಕಾರ'. ರಟ್ಟು ಹರಿದು, ಕಾಗದ ಅಂಟಿಸಿದ್ದ ಪ್ರತಿ. ಅಂಚಿನ ತುಂಬ ಪೆನ್ಸಿಲಿನ ಬರಹ: ಯಾರು ಎಲ್ಲಿ ನಿಲ್ಲಬೇಕು, ದೀಪ ಎಲ್ಲಿ ಕಡಮೆಯಾಗಬೇಕು. ಒಂದು ಪುಟದಲ್ಲಿ, "ಇಲ್ಲಿ ನಗು ಬಂದರೆ ಬರಲಿ." ಮುಂದಿನದರಲ್ಲಿ, "ಇಲ್ಲಿ ಬಂದರೆ ತಪ್ಪು ನಮ್ಮದು."

"ಪ್ರತಿ ವರ್ಷ ಇದನ್ನು ಆಡಿಸಬೇಕು ಅಂತ ಹೊರಡುತ್ತಿದ್ದರು. ಬಂದ ಮೇಲೆ ಏನಾಯಿತು ಅಂದರೆ, ಮುಂದಿನ ವರ್ಷ ಅನ್ನುತ್ತಿದ್ದರು" ಎಂದರು ಆಕೆ.

ಏನಾಯಿತೆಂದು ನನಗೆ ಗೊತ್ತು. ನಾಟಕ ಆರಿಸುವ ಸಮಿತಿಯಲ್ಲಿ ಐದು ವರ್ಷದಿಂದ ನಾನೂ ಇದ್ದೇನೆ. "ವಾರ್ಷಿಕೋತ್ಸವದ ದಿನ ಅಳಿಸುವುದು ಬೇಡಿ ಮೇಷ್ಟ್ರೇ, ನೀವು ನಗಿಸಿದರೇ ಚೆನ್ನ" ಎಂದು ಹೇಳಿದವರಲ್ಲಿ ನಾನೂ ಒಬ್ಬ. ಪ್ರತಿ ಸಲವೂ ಅವರು ಒಂದು ತಮಾಷೆಯ ಮಾತಾಡಿ ಪುಸ್ತಕವನ್ನು ಚೀಲದಲ್ಲಿ ಹಾಕಿಕೊಳ್ಳುತ್ತಿದ್ದರು. ನಾವು ನಗುತ್ತಿದ್ದೆವು. ಆ ಮಾತುಗಳೆಲ್ಲ ನನಗೆ ಚೆನ್ನಾಗಿ ನೆನಪಿವೆ.

ಈ ವರ್ಷದ ನಾಟಕ 'ಬಹಿಷ್ಕಾರ' ಎಂದು ಸೂಚನಾಫಲಕಕ್ಕೆ ಚೀಟಿ ಅಂಟಿಸಿಯಾಗಿದೆ. ಪ್ರಾಂಶುಪಾಲರು ಒಮ್ಮೆ ಹುಬ್ಬೇರಿಸಿ ಸಹಿ ಹಾಕಿದರು. ತಾಲೀಮು ಗುರುವಾರ ಸಂಜೆ ನಾಲ್ಕಕ್ಕೆ, ಪ್ರಯೋಗಶಾಲೆಯ ಪಕ್ಕದ ಕೋಣೆಯಲ್ಲಿ. ಮಗಳ ಪಾತ್ರಕ್ಕೆ ಎರಡನೆಯ ಬಿ.ಎ.ಯ ಹುಡುಗಿಯೊಬ್ಬಳು ಒಪ್ಪಿದ್ದಾಳೆ. ಪ್ರಾಂಪ್ಟ್ ಮಾಡಲು ಅಟೆಂಡರ್ ತಾನೇ ಮುಂದೆ ಬಂದಿದ್ದಾನೆ. ತಂದೆಯ ಪಾತ್ರಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ.